ಕಾಮಾಲೆ ಬಾರದವರನ್ನು ಹುಡುಕಿದ ಉಜ್ಜನಪ್ಪ

ಮದುವೆ ಕೂಡಿಸುವುದು ಉಜ್ಜನಪ್ಪನ ಕಸುಬು. ಹುಟ್ಟಿದ್ದು ಶಿವಮೊಗ್ಗದ ಕೋಟೆಯಲ್ಲಿ, ಬದುಕಿದ್ದು ಭದ್ರಾವತಿಯ ಹಳೇನಗರದಲ್ಲಿ, ಆಯಸ್ಸಿನ ಬಹುಪಾಲು ಕಳೆದದ್ದು ಎರಡೂರಿನ ನಡುವಿನ ರೈಲಿನಲ್ಲಿ. ಕೊಡೆ ಬಗಲಲ್ಲಿ, ವಿಭೂತಿ ಹಣೆಯಲ್ಲಿ, ಹತ್ತಾರು ಮನೆಗಳ ಗುಟ್ಟು ಹೊಟ್ಟೆಯಲ್ಲಿ. ಇಷ್ಟು ಜನಕ್ಕೆ ಮದುವೆ ಮಾಡಿಸಿದವನು ತಾನು ಮಾತ್ರ ಆಗಿರಲಿಲ್ಲ. ಯಾಕೆ ಅಂತ ಕೇಳಿದರೆ, "ಬಡಿಸೋನು ಕೊನೇ ಪಂಕ್ತಿಗೆ ತಾನೇ ಮಾರಾಯ ಕೂರೋದು? ನಾನು ಕೂತಾಗ ಪಾಯಸ ಮುಗಿದಿತ್ತು" ಅನ್ನುತ್ತಿದ್ದ. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ.

ಅವನು ಕೂಡಿಸಿದ ಮದುವೆ ಮುರಿದದ್ದಿಲ್ಲ ಎಂದು ಹೆಸರು. ಅದಕ್ಕೆ ಕಾರಣ ಅವನ ಹೊಂದಿಸುವ ರೀತಿ. ಬೇರೆಯವರು ಮನೆತನ, ಹೊಲ, ತೋಟ ನೋಡಿ ಸುಮ್ಮನಾಗುತ್ತಿದ್ದರು. ಉಜ್ಜನಪ್ಪ ಅಷ್ಟಕ್ಕೆ ಬಿಡುವವನಲ್ಲ. ರೊಟ್ಟಿ ತಿನ್ನುವ ಮನೆಯ ಹುಡುಗಿಯನ್ನು ಮುದ್ದೆ ಉಣ್ಣುವ ಮನೆಗೆ ಕೊಡಿಸುತ್ತಿರಲಿಲ್ಲ. ಹುಡುಗ ಬೇಗ ಮಲಗುವವನೋ, ಹುಡುಗಿ ಬೇಗ ಏಳುವವಳೋ ಎಂದು ಅಕ್ಕಪಕ್ಕದಲ್ಲಿ ವಿಚಾರಿಸುತ್ತಿದ್ದ. ಆಲ್ಕೊಳದಲ್ಲಿ ಒಬ್ಬ ಅತ್ತೆಗೆ ದನಿ ಬಹಳ ದೊಡ್ಡದು. ಆ ಮನೆಗೆ ಕಿವಿ ಸ್ವಲ್ಪ ಮಂದ ಇರುವ ಸೊಸೆಯನ್ನು ಹುಡುಕಲು ಅವನು ಎರಡು ವರ್ಷ ತಿರುಗಿದ. ಸಿಕ್ಕಳು. ಅತ್ತೆ ಸೊಸೆ ಸುಖವಾಗಿ ಬಾಳಿದರು.

ಈ ಉಜ್ಜನಪ್ಪ ಉಣ್ಣುತ್ತಿದ್ದದ್ದು ವೀರಮ್ಮನ ಖಾನಾವಳಿಯಲ್ಲಿ. ಹೊಳೆಯ ಸೇತುವೆಯ ಈಚೆ, ಕಾರ್ಖಾನೆಯ ಒಂಟಿ ಗಂಡಸರು ಬಾಡಿಗೆ ಕೋಣೆ ಮಾಡಿಕೊಂಡಿದ್ದ ಓಣಿಯ ತುದಿಗೆ ಅದು. ಉಜ್ಜನಪ್ಪನ ಕೋಣೆಯೂ ಅದೇ ಓಣಿಯಲ್ಲಿ. ತಮಿಳರು, ತೆಲುಗರು, ಚನ್ನಗಿರಿ ಕಡೆಯವರು, ಎಲ್ಲರಿಗೂ ಅಲ್ಲೇ ಊಟ. ವೀರಮ್ಮ ಗಂಡ ಸತ್ತ ಮೇಲೆ ಒಲೆ ಹಚ್ಚಿದವಳು, ಮತ್ತೆ ಆರಿಸಿರಲಿಲ್ಲ. ಬಾಯಿ ಬಿರುಸು, ಕೈ ಧಾರಾಳ. ಉಜ್ಜನಪ್ಪನನ್ನು ಅಣ್ಣ ಅನ್ನುತ್ತಿದ್ದಳು, ಎಲ್ಲರೆದುರಿಗೂ ಬೈಯುತ್ತಿದ್ದಳು.

ಅರವತ್ತೊಂದನೇ ಇಸವಿಯ ಬೇಸಿಗೆ. ಯುಗಾದಿ ಕಳೆದು ವಾರವಾಗಿರಬೇಕು, ಆ ಓಣಿಯಲ್ಲಿ ಒಬ್ಬನ ಕಣ್ಣು ಹಳದಿಯಾಯಿತು. ಆಮೇಲೆ ಮತ್ತೊಬ್ಬನದು. ನೋಡನೋಡುತ್ತ ಓಣಿಯ ಕಾಲುಭಾಗ ಜನ ಅರಿಶಿನ ಕಾಮಾಲೆಯಲ್ಲಿ ಮಲಗಿದರು. ನೆಲನೆಲ್ಲಿ ಸೊಪ್ಪಿನ ರಸ ಕುಡಿದು, ಉಪ್ಪು ಎಣ್ಣೆ ಬಿಟ್ಟು, ಕಂಬಳಿ ಹೊದ್ದು ಕೂತವರು ಓಣಿಯುದ್ದಕ್ಕೂ ಕಾಣತೊಡಗಿದರು.

ಹೆಲ್ತ್ ಇನ್‌ಸ್ಪೆಕ್ಟರ್ ಜನಾರ್ದನ ಬಂದರು. ಶ್ರದ್ಧೆಯ ಮನುಷ್ಯ. ಮಲಗಿದವರ ಕೋಣೆಗೆಲ್ಲ ಹೋಗಿ, ಎಲ್ಲಿ ಉಣ್ಣುತ್ತೀರಿ ಎಂದು ಕೇಳಿದರು. ಎಲ್ಲರೂ ವೀರಮ್ಮನಲ್ಲಿ ಎಂದರು. ಆ ಸಂಜೆಯೇ ಖಾನಾವಳಿಯ ಬಾಗಿಲಿಗೆ ಬೀಗ ಬಿತ್ತು. ಬಸವ ಜಯಂತಿಯ ಮರುವಾರ ಊರಿನ ಸಮಿತಿ ಸೇರುವುದಿತ್ತು. ಅಲ್ಲಿ ಲೈಸೆನ್ಸ್ ರದ್ದು ಮಾಡುವುದು, ಮುಂದೆಂದೂ ವೀರಮ್ಮ ಅನ್ನ ಮಾರಬಾರದು ಎಂದು ಬರೆಯುವುದು, ಇಷ್ಟು ಗೊತ್ತಾಯಿತು.

ಬೀಗ ಬಿದ್ದ ಮೂರನೇ ದಿನ ಶಿವಮೊಗ್ಗದಿಂದ ಒಬ್ಬ ಲೇಡಿ ಡಾಕ್ಟರು ಬಂದರು. ಶಾಮಲಾ ಎಂದು ಹೆಸರು. ಕಲ್ಕತ್ತೆಯಲ್ಲಿ ಓದಿದವರು. ಅಲ್ಲಿ ಇವರಿಗೆ ಕಲಿಸಿದ್ದು ಔಷಧ ಕೊಡುವುದನ್ನಲ್ಲ. ಕಾಯಿಲೆ ಊರೊಳಗೆ ಯಾವ ದಾರಿಯಿಂದ ಬಂತು ಅನ್ನುವುದನ್ನು ಹುಡುಕುವುದನ್ನು. ಅವರು ಜನಾರ್ದನರ ಜೊತೆ ಖಾನಾವಳಿಯ ಮುಂದೆ ನಿಂತಿದ್ದಾಗ ಜಗಲಿಯ ಮೇಲೆ ವೀರಮ್ಮ ಯಾರೂ ಉಣ್ಣದ ಅಕ್ಕಿಯನ್ನು ಆರಿಸುತ್ತ ಕೂತಿದ್ದಳು. ಪಕ್ಕದಲ್ಲಿ ಉಜ್ಜನಪ್ಪ, ಕೊಡೆಯ ಮೇಲೆ ಗದ್ದ ಊರಿಕೊಂಡು.

"ಕಾಯಿಲೆ ಬಂದವರೆಲ್ಲ ಇಲ್ಲೇ ಉಂಡೋರು ಮೇಡಂ" ಅಂದರು ಜನಾರ್ದನ. "ಒಬ್ಬರನ್ನೂ ಬಿಡದೆ ಕೇಳಿದೀನಿ."

"ಕಾಯಿಲೆ ಬರದವರನ್ನ?"

"ಅವರನ್ನ ಯಾಕೆ ಕೇಳೋದು? ಅವರು ಚೆನ್ನಾಗಿದಾರಲ್ಲ."

ಜಗಲಿಯಿಂದ ಉಜ್ಜನಪ್ಪ ಹೇಳಿದ: "ಕಾಯಿಲೆ ಬಂದವರಿಗೆಲ್ಲ ಮೀಸೆನೂ ಇದೆ ಸ್ವಾಮಿ. ಅದನ್ನೂ ತೆಗೆಸಿಬಿಡಿ."

"ನಿಮ್ಮನ್ನ ಯಾರ್ರೀ ಕೇಳಿದ್ರು?"

"ಅದೇ ಆಗಿರೋದು. ನನ್ನನ್ನ ಯಾರೂ ಕೇಳಲಿಲ್ಲ. ನಾನೂ ಇಲ್ಲೇ ಉಣ್ಣೋನು."

ಡಾಕ್ಟರು ತಿರುಗಿ ಉಜ್ಜನಪ್ಪನ ಕಣ್ಣು ನೋಡಿದರು. ಬೆಳ್ಳಗಿತ್ತು.

ಜನಾರ್ದನರೂ ಅಷ್ಟಕ್ಕೆ ಬಿಡಲಿಲ್ಲ. ಬರದವರು ತಾನೇ ಬೇಕು ಎಂದು ಮರುದಿನ ನ್ಯೂಟೌನಿನ ಕ್ವಾರ್ಟರ್ಸಿನಿಂದ ಒಂದಷ್ಟು ಜನ ಸಂಸಾರಸ್ಥರನ್ನು ಕರೆತಂದರು. ಹೆಂಡತಿ ಕೈಯಡುಗೆ ಉಣ್ಣುವವರು. ಖಾನಾವಳಿಯ ಹೊಸ್ತಿಲನ್ನೂ ತುಳಿದಿರಲಿಲ್ಲ, ಕಾಮಾಲೆಯೂ ಬಂದಿರಲಿಲ್ಲ. "ನೋಡಿ ಮೇಡಂ, ಇನ್ನೇನು ಬೇಕು?" ಅಂದರು ಜನಾರ್ದನ.

"ಇವರು ಖಾನಾವಳಿಗೆ ಹೋಗಲ್ಲ, ಸರಿ. ಆ ಓಣಿಗೂ ಹೋಗಲ್ಲ, ಅಲ್ಲಿನ ಬಾವಿ ನೀರೂ ಕುಡಿಯಲ್ಲ, ಒಂಟಿ ಹುಡುಗರು ಸಂಜೆ ಸುತ್ತೋ ಕಡೆ ಸುತ್ತೋದೂ ಇಲ್ಲ. ಇವರನ್ನ ಇಟ್ಕೊಂಡು ನೋಡಿದ್ರೆ ಕಾಮಾಲೆ ಮದುವೆ ಆಗದೇ ಇರೋದ್ರಿಂದ ಬರುತ್ತೆ ಅಂತಾನೂ ಹೇಳಬಹುದು" ಅಂದರು ಡಾಕ್ಟರು. ಆಮೇಲೆ ತಮಗೆ ಬೇಕಾದದ್ದನ್ನು ಬಿಡಿಸಿ ಹೇಳಿದರು. ಕಾಯಿಲೆ ಬಿದ್ದ ಒಬ್ಬೊಬ್ಬನಿಗೂ ಒಬ್ಬ ಜೊತೆಗಾರ ಬೇಕು. ಅದೇ ವಯಸ್ಸು, ಅದೇ ಬಗೆಯ ಕೆಲಸ, ಅದೇ ಓಣಿಯ ಒಂಟಿ ಬದುಕು. ಕಾಯಿಲೆ ಮಾತ್ರ ಇರಬಾರದು. ಇಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತ ಹಿಂದಕ್ಕೆ ಹೋಗಬೇಕು. ಶಿವರಾತ್ರಿಯಿಂದ ಯುಗಾದಿಯವರೆಗೆ ಏನು ತಿಂದಿರಿ, ಏನು ಕುಡಿದಿರಿ, ಎಲ್ಲಿ ಹೋದಿರಿ. ಬಿದ್ದವರು ಯಾವುದನ್ನು ಹೆಚ್ಚಾಗಿ ಮಾಡಿದ್ದಾರೆ, ಬೀಳದವರು ಯಾವುದನ್ನು ಕಡಿಮೆ ಮಾಡಿದ್ದಾರೆ, ಅಲ್ಲಿ ಕಣ್ಣಿಡಬೇಕು.

ವೀರಮ್ಮ ಮೊರ ಕೆಳಗಿಟ್ಟಳು. "ಹೊಂದಿಸೋ ಕೆಲಸ ಆದ್ರೆ ಡಾಕ್ಟ್ರಮ್ಮ, ಊರಲ್ಲೆಲ್ಲ ಹುಡುಕೋದ್ಯಾಕೆ? ಇಲ್ಲೇ ಕೂತಿದಾನಲ್ಲ ಈ ಮಾರಾಯ. ಅದು ಬಿಟ್ಟು ಬೇರೇನೂ ಬರಲ್ಲ ಇವನಿಗೆ."

ಡಾಕ್ಟರು ಕೇಳಿದರು: "ನೀವು ಈಕೆ ಕಡೆಯವರಾ?"

"ಈಕೆ ಸಾರು ಉಣ್ಣೋನು."

"ಹಾಗಾದ್ರೆ ಪ್ರಶ್ನೆ ನಾನೇ ಕೇಳ್ತೀನಿ. ನೀವು ಜನ ತೋರಿಸಿ ಸಾಕು. ಒಂದು ತಿಳ್ಕೊಳ್ಳಿ. ವಯಸ್ಸು, ಕೆಲಸ, ಓಣಿ. ಈ ಮೂರನ್ನ ಬಿಟ್ಟು ಬೇರೇನನ್ನೂ ಹೊಂದಿಸಬಾರದು."

"ಮೂರೇ ಸಾಕಾ?" ಎಂದು ಉಜ್ಜನಪ್ಪ ಕೇಳಿದ. ಮೂರು ಗುಣ ನೋಡಿ ಹೆಣ್ಣು ಕೊಡುವವರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ.

ಮೊದಲ ತೊಡಕು ಬಂದದ್ದು ಬೇರೆ ಕಡೆಯಿಂದ. ಡಾಕ್ಟರು ಕಾಗದ ಹಿಡಿದು, "ನಿಮಗೆ ಯಾವ ಕಾಯಿಲೆಯೂ ಇಲ್ಲ ತಾನೇ? ಆರೋಗ್ಯವಾಗಿದೀರ ಅಂತ ಬರ್ಕೊಳ್ಲಾ?" ಅಂದರೆ ಒಬ್ಬನೂ ಹೂಂ ಅನ್ನಲೊಲ್ಲ. ಓಣಿಯ ಕಾಲುಭಾಗ ಜನ ಹಳದಿಗಣ್ಣಿನಲ್ಲಿ ನೋಡುತ್ತಿರುವಾಗ, ನಾನು ಗಟ್ಟಿಮುಟ್ಟಾಗಿದ್ದೇನೆ ಎಂದು ಸರ್ಕಾರಿ ಕಾಗದದಲ್ಲಿ ಬರೆಸಿಕೊಳ್ಳುವ ಹುಚ್ಚ ಯಾರು? ದೃಷ್ಟಿ ತಾಗದೆ ಇರುತ್ತದೆಯೇ? ಕುಲುಮೆಯ ಮುಂದೆ ದಿನವಿಡೀ ಕಬ್ಬಿಣ ಎತ್ತುವ ಆಳು, ಬಾಗಿಲಗಲ ಎದೆಯವನು, "ಏನೋ ಇದ್ದೀನಿ ಅಮ್ಮ, ಹೆಂಗೋ" ಎಂದು ಕೆಮ್ಮಿ ತೋರಿಸಿದ. ಮತ್ತೊಬ್ಬ ಡಾಕ್ಟರನ್ನು ಕಂಡೊಡನೆ ಕುಂಟಿದ. ಮಧ್ಯಾಹ್ನದವರೆಗೆ ತಿರುಗಿದರೂ ಭದ್ರಾವತಿಯಲ್ಲಿ ಆರೋಗ್ಯವಂತ ಎಂಬುವನು ಒಬ್ಬನೂ ಸಿಗಲಿಲ್ಲ.

"ಕೇಳೋ ರೀತಿ ತಪ್ಪಾಯ್ತು ಡಾಕ್ಟ್ರಮ್ಮ" ಅಂದ ಉಜ್ಜನಪ್ಪ. "ಹುಡುಗಿ ಚೆನ್ನಾಗಿದಾಳಾ ಅಂತ ಕೇಳಿದ್ರೆ ತಾಯಿ ಹೇಳ್ತಾಳಾ? ಏನು ದೋಷ ಇದೆ ಅಂತ ಕೇಳಬೇಕು. ಆಗ ಸಣ್ಣದೊಂದು ಹೇಳ್ತಾಳೆ. ದೊಡ್ಡದಿಲ್ಲ ಅಂತ ನಾವು ತಿಳ್ಕೋಬೇಕು."

ಡಾಕ್ಟರು, ಕಾಮಾಲೆ ಬಿಟ್ಟು ಬೇರೆ ಏನಿದ್ದರೂ ತಮ್ಮ ಅಭ್ಯಂತರವಿಲ್ಲ, ಕಣ್ಣು ಮತ್ತು ಮೂತ್ರದ ಬಣ್ಣ ಮಾತ್ರ ತಾವೇ ನೋಡುವುದಾಗಿ ಹೇಳಿದರು. ಅಂದಿನಿಂದ "ಏನು ತೊಂದರೆ?" ಎಂದೇ ಕೇಳಿದರು. ಜನ ನಿರಾಳವಾಗಿ ಬರೆಸಿದರು. ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ತೇಗು, ಒಬ್ಬನಿಗೆ ಕೆಟ್ಟ ಕನಸು. ಆ ಬಾಗಿಲಗಲ ಎದೆಯವನಿಗೆ ನೆಗಡಿ. ಹೀಗೆ ಬೀಳದವರು ಎಂಬ ಗುಂಪು ಸಿದ್ಧವಾಯಿತು. ಕಾಗದ ನೋಡಿದರೆ ಬಿದ್ದವರಿಗಿಂತ ಇವರ ಸ್ಥಿತಿಯೇ ಕೆಟ್ಟದ್ದು.

ಎರಡನೆಯ ತೊಡಕನ್ನು ತಂದವನು ಉಜ್ಜನಪ್ಪನೇ. ಫಿಟ್ಟರ್ ಕಲ್ಲಪ್ಪ ಎಂಬುವನು ಕಾಯಿಲೆ ಬಿದ್ದಿದ್ದ. ಅವನಿಗೆ ಜೊತೆಯಾಗಿ ಉಜ್ಜನಪ್ಪ ಕರೆತಂದದ್ದು ಅವನದೇ ಕೋಣೆಯ ಸ್ನೇಹಿತನನ್ನು. ವಯಸ್ಸು ಒಂದು, ಶಿಫ್ಟು ಒಂದು. ಊಟಕ್ಕೆ ಒಟ್ಟಿಗೆ ಹೋಗುತ್ತಿದ್ದರು, ಟೆಂಟ್ ಸಿನಿಮಾಕ್ಕೆ ಒಟ್ಟಿಗೆ ಹೋಗುತ್ತಿದ್ದರು. ಕಲ್ಲಪ್ಪ ಅರ್ಧ ಲೋಟ ಕುಡಿದು ಕೊಟ್ಟರೆ ಉಳಿದರ್ಧವನ್ನು ಇವನು ಕುಡಿಯುತ್ತಿದ್ದ. ಉಜ್ಜನಪ್ಪನಿಗೆ ಹೆಮ್ಮೆ. ಉಳಿದವರಿಗೂ ಹೀಗೇ ಲಕ್ಷಣವಾದ ಜೋಡಿಗಳನ್ನು ತಂದು ಸಾಲಾಗಿ ಕೂರಿಸಿದ. ಇಂಥ ಜೋಡಿ ತನ್ನ ಕಸುಬಿನಲ್ಲೂ ಸಿಕ್ಕಿರಲಿಲ್ಲ ಎಂದು ವೀರಮ್ಮನ ಬಳಿ ಹೇಳಿಕೊಂಡ.

ಡಾಕ್ಟರು ಎರಡು ದಿನ ಕೇಳಿದರು, ಬರೆದರು, ಕೂಡಿಸಿದರು. ಮೂರನೇ ದಿನ ಉಜ್ಜನಪ್ಪನನ್ನು ಕರೆದರು.

"ಇದನ್ನ ನೋಡಿದ್ರೆ ಈ ಊರಲ್ಲಿ ಕಾಮಾಲೆಗೆ ಕಾರಣವೇ ಇಲ್ಲ."

"ಅಂದ್ರೆ?"

"ಇವನು ತಿಂದಿದ್ದನ್ನೇ ಅವನೂ ತಿಂದಿದಾನೆ. ಇವನು ಕುಡಿದಿದ್ದನ್ನೇ ಅವನೂ ಕುಡಿದಿದಾನೆ. ಎಲ್ಲ ಜೋಡೀಲೂ ಹಾಗೇ. ಎಲ್ಲಿಂದ ಹಿಡಿದು ತಂದ್ರಿ ಇಂಥವರನ್ನ?"

"ಹೊಂದಿಸಿದೆ" ಅಂದ ಉಜ್ಜನಪ್ಪ.

"ನಾನು ಹೇಳಿದ್ದು ಮೂರು."

"ಮೂರಕ್ಕೇ ನಿಲ್ಲಿಸೋಕೆ ಕೈ ಬರಲಿಲ್ಲ."

ಡಾಕ್ಟರು ಸಿಟ್ಟಾಗಲಿಲ್ಲ. "ನೋಡಿ, ಮದುವೆಗಾದ್ರೆ ಇದು ಸರಿ. ಇಬ್ಬರಿಗೂ ಎಲ್ಲ ಒಂದೇ ಇದ್ರೆ ಜಗಳ ಇಲ್ಲ. ನನಗೆ ಬೇಕಾಗಿರೋದು ಜಗಳಾನೇ. ಎಲ್ಲಿ ಇವರಿಬ್ಬರಿಗೆ ಬೇರೆ ಬೇರೆ ಅಂತ ನೋಡಬೇಕು. ಯಾವುದರ ಮೇಲೆ ಅನುಮಾನ ಇದೆಯೋ ಅದನ್ನೇ ನೀವು ಮೊದಲೇ ಹೊಂದಿಸಿ ತಂದ್ರೆ ನನಗೆ ಕಾಣೋದು ಏನು?"

ಉಜ್ಜನಪ್ಪ ಕೊಡೆಯ ತುದಿಯಿಂದ ನೆಲ ಕೆರೆದ. "ಹಾಗಾದ್ರೆ ಅರ್ಧಂಬರ್ಧ ಜೋಡಿ ಬೇಕು."

"ಹೌದು. ಇವನ ಕೋಣೆಯಿಂದ ಆಚೆ ನಾಲ್ಕನೇ ಬಾಗಿಲು ತಟ್ಟಿ. ವಯಸ್ಸು, ಕೆಲಸ ಸರಿ ಇದ್ರೆ ಆಯ್ತು. ಅವನು ಇವನಿಗೆ ಸ್ನೇಹಿತನೋ ಶತ್ರುವೋ ಕೇಳೋಕೆ ಹೋಗಬೇಡಿ. ಎಲ್ಲಿ ಉಣ್ತಾನೆ ಅಂತಾನೂ ಕೇಳಬೇಡಿ. ಅದು ನನ್ನ ಪ್ರಶ್ನೆ."

ಈ ಮಾತು ಉಜ್ಜನಪ್ಪನಿಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಆದರೂ ಮಾಡಿದ. ಮರುದಿನದಿಂದ ನಾಲ್ಕನೇ ಬಾಗಿಲು ತಟ್ಟಿದ. ಕಲ್ಲಪ್ಪನಿಗೆ ಜೊತೆಯಾಗಿ ಸಿಕ್ಕವನು ಅವನನ್ನು ಕಂಡರಾಗದ ಒಬ್ಬ ತಮಿಳು ಫಿಟ್ಟರ್. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದಾಗ ಉಜ್ಜನಪ್ಪ ನೋಡಲಾರದೆ ಎದ್ದು ಹೊರಗೆ ಹೋದ.

ಪ್ರಶ್ನೆಗೆ ಕೂತಾಗ ಮತ್ತೊಂದು ವಿಚಿತ್ರ. ಬಿದ್ದವರಿಗೆ ಎಲ್ಲ ನೆನಪಿತ್ತು. ಮಲಗಿ ಮಲಗಿ ಅವರಿಗೆ ಅದೇ ಧ್ಯಾನ. ಶಿವರಾತ್ರಿಯ ಜಾಗರಣೆಯಲ್ಲಿ ಯಾರೋ ಕೊಟ್ಟ ಬಾಳೆಹಣ್ಣು, ಸೋದರಮಾವ ಹಾಕಿದ ಶಾಪ, ಒಂದನ್ನೂ ಬಿಡದೆ ಹೇಳುತ್ತಿದ್ದರು. ಬೀಳದವರನ್ನು ಕೇಳಿದರೆ "ಊಟ ಮಾಡಿದ್ದೆ", "ಏನು?" "ಅನ್ನ", ಮುಗಿಯಿತು. ಉಜ್ಜನಪ್ಪ ಬಿದ್ದವರ ಕಡೆ ತಿರುಗಿ, "ಚೆನ್ನಾಗಿ ನೆನಪು ಮಾಡ್ಕೋ, ಹೊರಗಡೆ ಏನಾದ್ರೂ ಕುಡಿದ್ಯಾ?" ಎಂದು ಹುರಿದುಂಬಿಸಲು ಹೋದ. ಡಾಕ್ಟರು ಕೈ ಅಡ್ಡ ಹಿಡಿದರು. "ಇವನಿಗೆ ಎಷ್ಟು ಕೆದಕ್ತೀರೋ ಅವನಿಗೂ ಅಷ್ಟೇ ಕೆದಕಬೇಕು. ಇಲ್ಲಾಂದ್ರೆ ಬಾಯಿ ಮುಚ್ಚಿಕೊಂಡು ಕೂರಬೇಕು." ಉಜ್ಜನಪ್ಪ ಎರಡನೆಯದನ್ನು ಆರಿಸಿಕೊಂಡ. ಡಾಕ್ಟರು ಟೆಂಟಿನಲ್ಲಿ ಯಾವ ವಾರ ಯಾವ ಸಿನಿಮಾ ಇತ್ತು ಎಂದು ತಿಳಿದುಕೊಂಡು, ಆ ಸಿನಿಮಾದ ವಾರ ಏನು ಮಾಡಿದಿರಿ ಎಂದು ಎರಡೂ ಕಡೆಯವರನ್ನು ಒಂದೇ ಸಮ ಕೇಳತೊಡಗಿದರು. ಸಿನಿಮಾ ಅಂದರೆ ಅನ್ನ ಮರೆತವರಿಗೂ ನೆನಪು ಬಂತು.

ಹಾಗೆ ಕೇಳಿ ಕೇಳಿ ಒಂದು ವಾರಕ್ಕೆ ಕಾಗದದ ಮೇಲೆ ಏನೋ ಮೂಡಿತು. ವೀರಮ್ಮನ ಖಾನಾವಳಿಯಲ್ಲಿ ಬಿದ್ದವರೂ ಉಂಡಿದ್ದರು, ಬೀಳದವರೂ ಹೆಚ್ಚುಕಡಿಮೆ ಅಷ್ಟೇ ಜನ ಉಂಡಿದ್ದರು. ಬಾವಿಯ ನೀರು ಇಬ್ಬರಿಗೂ ಒಂದೇ. ಮಜ್ಜಿಗೆ ಒಂದೇ. ಬೇರೆಯಾದದ್ದು ಒಂದು ಕಡೆ. ಸಿನಿಮಾ ಟೆಂಟಿನ ಮುಂದೆ ಹೊನ್ನಯ್ಯ ಎಂಬುವನು ಗಾಡಿ ನಿಲ್ಲಿಸಿ ಬರ್ಫ್ ಹಾಕಿದ ಶರಬತ್ತು ಮಾರುತ್ತಿದ್ದ. ಬಿದ್ದವರಲ್ಲಿ ನಾಲ್ವರಿಗೆ ಮೂವರು ಅದನ್ನು ಕುಡಿದವರು. ಬೀಳದವರಲ್ಲಿ ನಾಲ್ವರಿಗೆ ಒಬ್ಬ.

ಉಜ್ಜನಪ್ಪ ಈ ಸುದ್ದಿಯನ್ನು ಹೊತ್ತು ಖಾನಾವಳಿಯ ಜಗಲಿಗೆ ಓಡಿದ. ವೀರಮ್ಮ ಕೇಳಿ, "ಇದನ್ನ ಮೊದಲೇ ನನ್ನ ಕೇಳಿದ್ರೆ ಹೇಳ್ತಿದ್ದೆ, ನಾನು ಮಾಡಿಲ್ಲ ಅಂತ" ಅಂದಳು. ಆದರೂ ಅಂದು ಬಹಳ ದಿನಗಳ ಮೇಲೆ ಒಲೆ ಸಾರಿಸಿದಳು.

ಬಿದ್ದವರಲ್ಲಿ ಉಳಿದದ್ದು ಒಬ್ಬ. ಓಂಕಾರಪ್ಪ ಎಂಬ ಹಳೆಯ ಗುಮಾಸ್ತ, ಐವತ್ತು ದಾಟಿದವನು, ಒಂಟಿ. ಓಣಿಯಲ್ಲೆಲ್ಲ ಪ್ರಾಯದವರೇ, ಅವನಿಗೆ ಜೊತೆ ಸಿಗಲಿಲ್ಲ. ಉಜ್ಜನಪ್ಪ ಪ್ರತಿ ಬಾಗಿಲು ತಟ್ಟಿ ಬಂದು, "ಆ ವಯಸ್ಸಿನ ಒಂಟಿ ಮನುಷ್ಯ, ಕೂತು ಮಾಡೋ ಕೆಲಸದವನು, ಈ ಓಣೀಲಿ ಇನ್ಯಾರೂ ಇಲ್ಲ ಡಾಕ್ಟ್ರಮ್ಮ" ಅಂದ.

ಡಾಕ್ಟರು ಅವನನ್ನೇ ನೋಡುತ್ತ ಕೂತರು. ಉಜ್ಜನಪ್ಪ ಹಿಂದಕ್ಕೆ ತಿರುಗಿ, ಬೇರೆ ಯಾರಾದರೂ ಬಂದು ನಿಂತಿದ್ದಾರೆಯೇ ಎಂದು ನೋಡಿದ.

"ಕೂತ್ಕೊಳ್ಳಿ" ಅಂದರು. "ಏನು ತೊಂದರೆ?"

"ಬೆನ್ನು ನೋವು" ಅಂದ ಉಜ್ಜನಪ್ಪ, ತಡಮಾಡದೆ.

ಪ್ರಶ್ನೆಗಳು ಬಂದವು. ಊಟ? ವೀರಮ್ಮನಲ್ಲಿ. ನೀರು? ಓಣಿಯ ಬಾವಿಯದು. ಟೆಂಟ್ ಸಿನಿಮಾ? ಒಳಗೆ ಹೋಗಿಲ್ಲ, ಮುಂದೆ ನಿಂತಿದ್ದೇನೆ. ಯಾಕೆ? ಹುಡುಗ ಎಂಥವನು ಅಂತ ತಿಳಿಯಬೇಕಾದರೆ ಅವನ ಮನೆಯ ಮುಂದೆ ನಿಲ್ಲಬಾರದು, ಟೆಂಟಿನ ಮುಂದೆ ನಿಲ್ಲಬೇಕು.

"ಹೊನ್ನಯ್ಯನ ಶರಬತ್ತು ಕುಡಿದಿದೀರಾ?"

ಉಜ್ಜನಪ್ಪ ಕೊಡೆಯನ್ನು ಗೋಡೆಗೆ ಒರಗಿಸಿ ಇಟ್ಟ. ಇಲ್ಲ ಅಂದರೆ ಮುಗಿಯಿತು. ಓಂಕಾರಪ್ಪ ಕುಡಿದಿದ್ದ, ಕಾಯಿಲೆ ಬಿದ್ದಿದ್ದ. ಇವನು ಕುಡಿದಿಲ್ಲ, ಬಿದ್ದಿಲ್ಲ. ಲಕ್ಷಣವಾದ ಲೆಕ್ಕ. ವೀರಮ್ಮನ ಬೀಗ ತೆಗೆಯಲು ಇನ್ನೊಂದು ಕೀಲಿ. ಹೌದು ಅಂದರೆ ಹೊನ್ನಯ್ಯನ ಕಡೆಗೊಂದು ಸಾಕ್ಷಿ, ಅದೂ ವೀರಮ್ಮನ ಅನ್ನ ತಿಂದ ಬಾಯಿಂದಲೇ.

"ಕುಡಿದಿದೀನಿ" ಅಂದ.

"ಎಷ್ಟು ಸಲ?"

"ಎಷ್ಟು ಹುಡುಗರನ್ನ ನೋಡಿದೆನೋ ಅಷ್ಟು ಸಲ. ಆ ತಿಂಗಳು ಹುಡುಗರು ಜಾಸ್ತಿ ಇದ್ರು."

ಡಾಕ್ಟರು ಬರೆದುಕೊಂಡರು. ಉಜ್ಜನಪ್ಪ ಕಾಗದದ ಕಡೆ ಬಗ್ಗಿದ. "ಇದೊಂದನ್ನ ಬಿಟ್ಟು ಬೇರೆ ಓಣಿಯೋರನ್ನ ಹುಡುಕಬಹುದಾ ಅಂತ."

"ಬಿಡಬಹುದು. ನಮಗೆ ಬೇಡದ ಇನ್ನೂ ನಾಲ್ಕಾರು ಜನ ಇದಾರೆ. ಕುಡೀದೇ ಬಿದ್ದೋರು, ಕುಡಿದೂ ಬೀಳದೋರು. ಅವರನ್ನೂ ಬಿಡೋಣವಾ?"

ಉಜ್ಜನಪ್ಪ ಬೇಡ ಎಂದು ತಲೆಯಾಡಿಸಿದ. ಎದ್ದು ಹೋಗುವಾಗ ಕೊಡೆ ಅಲ್ಲೇ ಮರೆತ.

ಬಸವ ಜಯಂತಿ ಕಳೆಯಿತು, ಸಮಿತಿ ಸೇರಿತು. ಅಧ್ಯಕ್ಷರು ಅಕ್ಕಿ ಗಿರಣಿಯ ಯಜಮಾನರು. ವೀರಮ್ಮ ಸೆರಗು ಬಿಗಿದು ಬಾಗಿಲ ಬಳಿ ನಿಂತಿದ್ದಳು. ಡಾಕ್ಟರು ತಮ್ಮ ಲೆಕ್ಕ ಓದಿದರು. ಜನಾರ್ದನ ಎದ್ದರು. ಅವರೂ ಕಾಗದವನ್ನು ಪೂರ್ತಿ ಓದಿಕೊಂಡೇ ಬಂದಿದ್ದರು.

"ಅಧ್ಯಕ್ಷರೇ, ಈ ಉಜ್ಜನಪ್ಪನೋರು ತಿಂಗಳಿಡೀ ಆ ಶರಬತ್ತು ಕುಡಿದಿದಾರೆ. ಗುಂಡುಕಲ್ಲಿನ ಹಾಗೆ ಕೂತಿದಾರೆ ನೋಡಿ. ಶರಬತ್ತಿಂದ ಕಾಮಾಲೆ ಬರೋದಾಗಿದ್ರೆ ಇವರಿಗೆ ಮೊದಲು ಬರಬೇಕಿತ್ತಲ್ಲ?"

ಎಲ್ಲರೂ ಉಜ್ಜನಪ್ಪನನ್ನು ನೋಡಿದರು. ವೀರಮ್ಮನೂ ನೋಡಿದಳು. ಅವಳಿಗೆ ಈ ವಿಷಯ ಆಗಲೇ ತಿಳಿದದ್ದು.

"ಚೆಲ್ಲಿದ ಭತ್ತ ಎಲ್ಲ ಮೊಳೆಯುತ್ತಾ?" ಎಂದು ಡಾಕ್ಟರು ಅಧ್ಯಕ್ಷರನ್ನು ಕೇಳಿದರು.

"ಇಲ್ಲ. ಜೊಳ್ಳು ಇರುತ್ತೆ, ಹಕ್ಕಿ ತಿನ್ನುತ್ತೆ."

"ಒಂದು ಕಾಳು ಮೊಳೀಲಿಲ್ಲ ಅಂತ ಚೆಲ್ಲೇ ಇಲ್ಲ ಅನ್ನೋಕಾಗಲ್ಲ. ಎಲ್ಲಿ ಪೈರು ದಟ್ಟವಾಗಿದೆ, ಅಲ್ಲಿ ಭತ್ತ ಬಿದ್ದಿತ್ತಾ, ಪೈರಿಲ್ಲದ ಕಡೆ ಅಷ್ಟೇ ಬಿದ್ದಿತ್ತಾ, ಅದನ್ನ ಹೋಲಿಸಿ ನೋಡಿದೀನಿ."

"ಹಾಗಾದ್ರೆ ಹೊನ್ನಯ್ಯನ ಶರಬತ್ತೇ ಅಂತ ಖಂಡಿತ ಬರ್ಕೊಳ್ಲಾ?"

"ಖಂಡಿತ ಅನ್ನಲ್ಲ. ಶರಬತ್ತಿನ ಮೇಲೆ ಅನುಮಾನಕ್ಕೆ ಬಲ ಇದೆ. ಖಾನಾವಳಿ ಮೇಲೆ ಇಲ್ಲ. ಅಷ್ಟು ಬರ್ಕೊಳ್ಳಿ."

ಅಧ್ಯಕ್ಷರಿಗೆ ಇದು ಹಿಡಿಸಲಿಲ್ಲ. ಡಾಕ್ಟರಾದವರು ಹೀಗೆ ಅಳೆದು ಸುರಿದರೆ ಸಮಿತಿ ಏನು ಮಾಡಬೇಕು ಎಂದು ಗೊಣಗಿ, ಜವಾನನನ್ನು ಟೆಂಟಿನ ಹತ್ತಿರ ಅಟ್ಟಿದರು. ಜವಾನ ಬಂದು ಕಂಡದ್ದು ಹೇಳಿದ: ಹೊನ್ನಯ್ಯ ರೈಲಿನಲ್ಲಿ ಬಂದ ಬರ್ಫಿನ ಗಟ್ಟಿಯನ್ನು ಮರದ ಹೊಟ್ಟಿನಿಂದ ತೆಗೆದು, ಟೆಂಟಿನ ಹಿಂದಿನ ಕಾಲುವೆಯಲ್ಲಿ ತೊಳೆಯುತ್ತಾನೆ. ಅದೇ ಕಾಲುವೆಯ ಮೇಲುಗಡೆ ಸಿನಿಮಾ ನೋಡುವವರೆಲ್ಲ ಇಂಟರ್‌ವಲ್‌ನಲ್ಲಿ ಚೊಂಬು ಹಿಡಿದು ಹೋಗುತ್ತಾರೆ. ಹೊನ್ನಯ್ಯನನ್ನು ಕೇಳಿದರೆ, "ಹೊಟ್ಟು ಅಂಟಿರುತ್ತೆ ಸ್ವಾಮಿ, ತೊಳೀದೆ ಕೊಡೋಕಾಗುತ್ತಾ? ಶುಚಿ ಬೇಡವಾ?" ಅಂದನಂತೆ.

ಬರ್ಫ್ ನಿಂತಿತು. ಖಾನಾವಳಿಯ ಬೀಗ ಬಿಟ್ಟಿತು. ಕೀಲಿ ತಿರುಗಿಸಿದವರು ಜನಾರ್ದನರೇ. ತಿರುಗಿಸಿ, ಬಾಗಿಲಿಗೆ ಕೈ ಮುಗಿದು ಹೋದರು.

ವೀರಮ್ಮ ಉಜ್ಜನಪ್ಪನನ್ನು ಜಗಲಿಯಲ್ಲೇ ತಡೆದಳು. "ನೂರು ಸುಳ್ಳು ಹೇಳಿ ಒಂದು ಮದುವೆ ಮಾಡ್ಸೋನು ನೀನು. ನನಗೋಸ್ಕರ ಒಂದು ಹೇಳಿದ್ರೆ ನಾಲಿಗೆ ಬಿದ್ದೋಗ್ತಿತ್ತಾ ಅಣ್ಣ?"

"ಸುಳ್ಳು ಹೇಳಿ ಬೀಗ ತೆಗೆಸಿದ್ರೆ, ನಾನು ಕುಡಿದದ್ದು ಗೊತ್ತಿರೋರು ಆ ಲೆಕ್ಕವೆಲ್ಲ ಸುಳ್ಳು ಅಂತ ನಗಾಡೋರು. ಟೆಂಟ್ ಮುಂದೆ ನನ್ನ ಕೈಲಿ ಲೋಟ ಇದ್ದಿದ್ದನ್ನ ಅರ್ಧ ಊರು ನೋಡಿದೆ ವೀರಮ್ಮ."

"ಅಷ್ಟೇನಾ?"

"ಅಷ್ಟೇ" ಅಂದ ಉಜ್ಜನಪ್ಪ. ಅಷ್ಟೇ ಇದ್ದಂತೆ ವೀರಮ್ಮನಿಗೆ ಕಾಣಲಿಲ್ಲ. ಅವಳು ಮುಂದೆ ಕೇಳಲೂ ಇಲ್ಲ.

ಬೀಗವೇನೋ ಬಿಟ್ಟಿತು, ಜನ ಬರಬೇಕಲ್ಲ. ಮೊದಲ ದಿನ ವೀರಮ್ಮ ಎಂದಿನ ಅಳತೆಯ ಅನ್ನಕ್ಕೆ ಇಟ್ಟಳು. ಬೀಳದವರು, ಮಂಡಿನೋವು ತೇಗು ಬರೆಸಿಕೊಂಡವರೆಲ್ಲ, ಬಾಗಿಲವರೆಗೆ ಬಂದು ಒಳಗೆ ಇಣುಕಿ, ಇವತ್ತು ಹೊಟ್ಟೆ ಸರಿಯಿಲ್ಲ ಎಂದು ಮುಂದಕ್ಕೆ ಹೋದರು. ಡಾಕ್ಟರ ಲೆಕ್ಕ ಅವರು ಕೇಳಿದ್ದರು, ಒಪ್ಪಿದ್ದರು ಕೂಡ. ಆದರೂ ಒಂದು ಮಳೆಗಾಲ ಕಳೆಯಲಿ ಅನ್ನುವುದು ಅವರ ಮನಸ್ಸು. ಉಜ್ಜನಪ್ಪ ಒಬ್ಬನೇ ಮಣೆಯ ಮೇಲೆ ಕೂತು ಉಂಡ. ಅಷ್ಟು ದೊಡ್ಡ ಪಡಸಾಲೆಯಲ್ಲಿ ಅವನು ಸಾರು ಸುರಿಯುವ ಸದ್ದು ಅವನಿಗೇ ಕೇಳುತ್ತಿತ್ತು.

ಅವನು ಕೈ ತೊಳೆಯುವಷ್ಟರಲ್ಲಿ ಫಿಟ್ಟರ್ ಕಲ್ಲಪ್ಪ ಬಂದ. ಇನ್ನೂ ಸೊರಗಿದ್ದ, ಕಣ್ಣಿನ ಅಂಚಿನಲ್ಲಿ ಹಳದಿ ಇತ್ತು.

"ಒಂದು ಸಲ ಬಂದೋರಿಗೆ ಮತ್ತೆ ಬರಲ್ಲ ಅಂದ್ರು ಡಾಕ್ಟ್ರಮ್ಮ" ಅಂದ ಬಾಗಿಲಲ್ಲೇ. "ಎಲ್ಲಿಂದ ಬಂದಿದ್ರೂ ಅಷ್ಟೇ. ನನಗಿನ್ನು ಯಾವ ಭಯ? ಎಣ್ಣೆ ಹಾಕದ ಸಾರು ಇದ್ಯಾ ಅಕ್ಕ?"

"ಇಲ್ಲ. ಮಾಡ್ತೀನಿ, ಕೂತ್ಕೋ" ಅಂದಳು ವೀರಮ್ಮ.

ಅವನ ಹಿಂದೆ ಇನ್ನಿಬ್ಬರು ಬಂದರು. ರಾತ್ರಿಯೂಟಕ್ಕೆ ಓಂಕಾರಪ್ಪ ಬಂದ. ವಾರ ಕಳೆಯುವುದರೊಳಗೆ ಕಾಮಾಲೆ ಬಿದ್ದೆದ್ದವರೆಲ್ಲ ಹಳೆಯ ಮಣೆಗಳಿಗೆ ಮರಳಿದರು. ಎರಡು ತಿಂಗಳು ವೀರಮ್ಮನ ಖಾನಾವಳಿ ನಡೆದದ್ದು ಅವರಿಂದಲೇ, ಉಪ್ಪಿಲ್ಲದ, ಎಣ್ಣೆಯಿಲ್ಲದ ಪಥ್ಯದ ಸಾರಿನ ಮೇಲೆ. ಪಂಕ್ತಿಯಲ್ಲಿ ಕಾಯಿಲೆ ಬಾರದವನೆಂದರೆ ಉಜ್ಜನಪ್ಪ ಒಬ್ಬನೇ. ಅವನು ಒಗ್ಗರಣೆ ಕೇಳಿದರೆ ಉಳಿದವರು ಊಟ ನಿಲ್ಲಿಸಿ ಅವನ ಕಡೆ ನೋಡುತ್ತಿದ್ದರು. ಆಮೇಲಾಮೇಲೆ ಅವನೂ ಪಥ್ಯದ ಸಾರನ್ನೇ ಹಾಕಿಸಿಕೊಳ್ಳತೊಡಗಿದ.